ಸೆಕೆಂಡ್ ಹ್ಯಾಂಡ್ ನಿಂಜಾ 1000: ಕಮ್ಮಿ ಓಡಿದ ದೆಹಲಿ ಗಾಡಿಯೋ, ಜಾಸ್ತಿ ಓಡಿದ ಬೆಂಗಳೂರು ಗಾಡಿಯೋ?

ಹೈವೇ ಹಕ್ಕಿ

ಎಲ್ಲರಿಗೂ ನಮಸ್ಕಾರ. ಈಗ ನನ್ನ ಹತ್ರ ಇರುವುದು 350 ಸಿಸಿ ಗಾಡಿ. ದಾಂಡೇಲಿ, ಗೋಕರ್ಣ, ಚಿಕ್ಕಮಗಳೂರು ಅಂತ ಹೆಂಡತಿ ಜೊತೆ ತಿರುಗುತ್ತಿರುತ್ತೇನೆ. ತುಮಕೂರು ದಾಟಿ ಹೈವೇ ಖಾಲಿಯಾದ ಮೇಲೆ ಇದರ ಉಸಿರು ಸಾಲುತ್ತಿಲ್ಲ. ಸ್ಪೋರ್ಟ್ ಟೂರರ್, ಅಂದರೆ ಜೋರಾಗಿಯೂ ಓಡುವ, ದೂರಕ್ಕೂ ಆಗುವ ಬೈಕ್, ತೆಗೆದುಕೊಳ್ಳಬೇಕು ಅಂತ ಆಸೆ. ಹೊಸ ಕವಾಸಾಕಿ ನಿಂಜಾ 1100 ಎಸ್‌ಎಕ್ಸ್ ಬೆಲೆ ನೋಡಿ ಸುಮ್ನೆ ವಾಪಸ್ ಬಂದೆ. ಬಜೆಟ್ ಎಲ್ಲಾ ಸೇರಿ 7.5 ಲಕ್ಷ.

ಎರಡು ನಿಂಜಾ 1000 ಕಣ್ಣಿಗೆ ಬಿದ್ದಿವೆ. ಎರಡೂ 2018ರವು.

ಮೊದಲನೆಯದು ದೆಹಲಿ ರಿಜಿಸ್ಟ್ರೇಷನ್. 9,000 ಕಿಮೀ ಓಡಿದೆ, ಎರಡನೇ ಓನರ್. ಈಗ ಬೆಂಗಳೂರಿನ ಡೀಲರ್ ಒಬ್ಬರ ಹತ್ರ ನಿಂತಿದೆ. 6.4 ಲಕ್ಷ ಹೇಳುತ್ತಿದ್ದಾರೆ. ಹೊಳೆಯುತ್ತಿದೆ.

ಎರಡನೆಯದು ಕೆಎ 05. 37,000 ಕಿಮೀ. ಫಸ್ಟ್ ಓನರ್, ಐಟಿಯಲ್ಲಿರುವವರು, ಮಗು ಆದ ಮೇಲೆ ಮಾರುತ್ತಿದ್ದಾರೆ. ಕಂಪನಿ ಪ್ಯಾನಿಯರ್ (ಪಕ್ಕದ ಲಗೇಜ್ ಪೆಟ್ಟಿಗೆ) ಎರಡೂ ಇವೆ. 7.1 ಲಕ್ಷ. ಫೇರಿಂಗ್ (ಹೊರಗಿನ ಕವಚ) ಮೇಲೆ ಅಲ್ಲಲ್ಲಿ ಗೀರು.

ಮನಸ್ಸು ಮೊದಲನೆಯದರ ಕಡೆಗೆ ಎಳೆಯುತ್ತಿದೆ. ಏನಂತೀರಿ?

ಸ್ಪ್ಯಾನರ್ ಸಿದ್ದ

ಎರಡನೆಯದು. ಕಣ್ಣು ಮುಚ್ಚಿಕೊಂಡು ಅಲ್ಲ, ಕಣ್ಣು ಬಿಟ್ಟುಕೊಂಡೇ.

ಫಾರ್ಮ್ 30

ಗುರು, ದೆಹಲಿ ಗಾಡಿಗೆ ಬೆಲೆ 6.4 ಅಲ್ಲ. ಮೊದಲು ಅದನ್ನ ತಲೆಯಿಂದ ತೆಗೆಯಿರಿ.

ಕರ್ನಾಟಕದಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಬೆಲೆಯ ಬೈಕಿಗೆ ಲೈಫ್ ಟ್ಯಾಕ್ಸ್ 18 ಪರ್ಸೆಂಟ್. ಹೊರ ರಾಜ್ಯದ ಗಾಡಿ ಇಲ್ಲಿ ನಿಮ್ಮ ಹೆಸರಿಗೆ ಆಗಬೇಕಾದರೆ ಆ ಟ್ಯಾಕ್ಸ್ ಇಲ್ಲಿ ಕಟ್ಟಲೇಬೇಕು. ಗಾಡಿ ವಯಸ್ಸಿಗೆ ತಕ್ಕಂತೆ ಕಡಿತ ಇದೆ, ಆದರೆ ಲೆಕ್ಕ ಹಾಕುವುದು ಅವತ್ತಿನ ಹೊಸ ಗಾಡಿ ಬೆಲೆ ಮೇಲೆ. ನೀವು ಕೊಡುವ 6.4ರ ಮೇಲೆ ಅಲ್ಲ. 2017ರಲ್ಲಿ ಈ ಮಾಡೆಲ್ ಬಂದಾಗ ದೆಹಲಿ ಶೋರೂಂ ಬೆಲೆ 9.98 ಲಕ್ಷ ಇತ್ತು. ಈಗ ನೀವೇ ಗುಣಿಸಿ.

ಅಲ್ಲಿ ಕಟ್ಟಿದ ಟ್ಯಾಕ್ಸ್ ಬಾಕಿ ವಾಪಸ್ ಕೇಳಬಹುದು ಅಂತ ಡೀಲರ್ ಹೇಳುತ್ತಾನೆ. ಕೇಳಬಹುದು. ದೆಹಲಿ ಆರ್‌ಟಿಓಗೆ ಯಾರು ಅಲೆಯುತ್ತಾರೆ?

ಇದೆಲ್ಲದಕ್ಕೂ ಮೊದಲು ಫಾರ್ಮ್ 28, ಅಂದರೆ ಎನ್‌ಒಸಿ, ಕೈಗೆ ಬಂದಿದೆಯಾ? 'ಅಪ್ಲೈ ಮಾಡಿದ್ದೀವಿ ಸರ್' ಅಂದರೆ ಬಂದಿಲ್ಲ ಅಂತ ಅರ್ಥ.

ರೆಡ್‌ಲೈನ್ ರಾಜ

37,000 ಓಡಿದ ಲೀಟರ್ ಬೈಕಿಗೆ 7 ಲಕ್ಷನಾ? ಎಲ್ಲರೂ ಯಾಕೆ ಅದನ್ನೇ ತೋರಿಸುತ್ತಿದ್ದೀರಿ? ಅಷ್ಟು ಓಡಿದ ಮೇಲೆ ಮುಂದೆ ಬರೀ ಖರ್ಚು. 9,000 ಅಂದರೆ ಇಂಜಿನ್ ಇನ್ನೂ ಬಿಚ್ಚಿಕೊಂಡೇ ಇಲ್ಲ. ಟ್ಯಾಕ್ಸ್ ಕಟ್ಟಿದರೂ ಹೊಸ ಗಾಡಿ ಸಿಕ್ಕಂತೆ.

ಸ್ಪ್ಯಾನರ್ ಸಿದ್ದ

@ರೆಡ್‌ಲೈನ್ ರಾಜ, ಇದೇ ಮಾತು ಕೇಳಿ ಕೇಳಿ ಸಾಕಾಗಿದೆ. ನಾನು ಗ್ಯಾರೇಜ್ ಇಟ್ಟುಕೊಂಡಿದ್ದೇನೆ, ದೊಡ್ಡ ಗಾಡಿಗಳೇ ಜಾಸ್ತಿ ಬರುವುದು. ಇಂಥ ನಾಲ್ಕು ಸಿಲಿಂಡರ್ ಜಪಾನಿ ಇಂಜಿನ್ ಆಯಿಲ್ ಸರಿಯಾಗಿ ಬದಲಾಯಿಸಿದರೆ ಲಕ್ಷ ಕಿಲೋಮೀಟರ್ ದಾಟುತ್ತದೆ. 1043 ಸಿಸಿ ಇಂಜಿನ್, ಹೈವೇಲಿ 110ಕ್ಕೆ ಓಡಿದರೆ ಅದಕ್ಕೆ ಬೆವರೂ ಬರುವುದಿಲ್ಲ.

ಹಾಳಾಗುವುದು ನಿಂತ ಗಾಡಿ. ಟ್ಯಾಂಕ್ ಒಳಗೆ ಪೆಟ್ರೋಲ್ ಕೂತು ತುಕ್ಕು. ಫ್ಯೂಯೆಲ್ ಪಂಪ್, ಇಂಜೆಕ್ಟರ್ ಕಟ್ಟಿಕೊಳ್ಳುತ್ತವೆ. ಬ್ರೇಕ್ ಕ್ಯಾಲಿಪರ್ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಫೋರ್ಕ್ ಸೀಲ್ ಒಣಗಿ ಮೊದಲನೇ ಉದ್ದದ ರೈಡಲ್ಲೇ ಆಯಿಲ್ ಬಿಡುತ್ತದೆ. ಕೂಲಂಟ್, ಬ್ರೇಕ್ ಆಯಿಲ್ ಎರಡಕ್ಕೂ ವರ್ಷದ ಲೆಕ್ಕವೂ ಇದೆ, ಬರೀ ಕಿಲೋಮೀಟರ್ ಲೆಕ್ಕ ಅಲ್ಲ. ಏಳೆಂಟು ವರ್ಷದಲ್ಲಿ 9,000 ಅಂದರೆ ತಿಂಗಳಿಗೆ ನೂರೂ ಚಿಲ್ಲರೆ. ಆ ಗಾಡಿ ಏನು ಮಾಡುತ್ತಿತ್ತು ಅಷ್ಟು ದಿನ?

ಆದರೆ 37,000 ಗಾಡಿಯಲ್ಲಿ ಒಂದು ದೊಡ್ಡ ಪ್ರಶ್ನೆ ಇದೆ. ವಾಲ್ವ್ ಕ್ಲಿಯರೆನ್ಸ್, ಅಂದರೆ ಇಂಜಿನ್ ವಾಲ್ವ್ ಹತ್ರ ಇರುವ ಸಣ್ಣ ಸಂದು, ನೋಡಿದ್ದಾರಾ? ಇಂಥ ಜಪಾನಿ ಗಾಡಿಗಳಿಗೆ ಮಾಡೆಲ್, ದೇಶ ನೋಡಿಕೊಂಡು 24,000ದಿಂದ 42,000 ಕಿಮೀ ಒಳಗೆ ನೋಡಬೇಕು ಅಂತ ಇರುತ್ತದೆ. ಮ್ಯಾನ್ಯುಯಲ್ ತೆಗೆದು ನೋಡಿ. ಹದಿನಾರು ವಾಲ್ವ್. ಟ್ಯಾಂಕ್, ಏರ್ ಬಾಕ್ಸ್, ಫೇರಿಂಗ್ ಎಲ್ಲಾ ಬಿಚ್ಚಬೇಕು. ಆ ಸಂದು ಸರಿ ಮಾಡುವ ಶಿಮ್ ಬಿಲ್ಲೆ ಬೆಲೆಗಿಂತ ಕೂಲಿನೇ ಜಾಸ್ತಿ. ಮಾಡಿಸಿಲ್ಲ ಅಂದರೆ ಆ ದುಡ್ಡು ಬೆಲೆಯಲ್ಲಿ ಇಳಿಸಿ ಕೇಳಿ.

ಹುಬ್ಳಿ ಹೈದ

ಡಾಮಿನಾರ್ 400 ತಗೊಳ್ರಿ ಅಣ್ಣ. ಉಳಿದ ದುಡ್ಡಲ್ಲಿ ಲಡಾಖ್‌ಗೆ ಹೋಗಿ ಬರಬಹುದು, ಹೆಂಡತೀನ ವಿಮಾನದಾಗ ಕರೆಸಿಕೊಳ್ಳಬಹುದು.

ರೆಡ್‌ಲೈನ್ ರಾಜ

ಬಂದ್ರಪ್ಪ ಡಾಮಿನಾರ್ ಸಂಘದವರು. ಯಾವ ಚರ್ಚೆ ಆದರೂ ಹತ್ತನೇ ರಿಪ್ಲೈ ಒಳಗೆ ಬಂದೇ ಬರುತ್ತಾರೆ.

ಹುಬ್ಳಿ ಹೈದ

ಐದನೇದಕ್ಕೇ ಬಂದೀನಿ. ಲೆಕ್ಕ ಸರಿ ಇರಲಿ.

ಕುಡ್ಲ ರೈಡರ್

ಇಬ್ಬರು ಹೋಗುವುದಾದರೆ ನಿಂಜಾ 1000 ಸರಿ ಮಾರಾಯ್ರೆ. ಪ್ಯಾನಿಯರ್ ಗಾಡಿಗೇ ಅಂಟಿಕೊಂಡ ಹಾಗೆ ಕೂರುತ್ತದೆ, ಬೇರೆ ಕಬ್ಬಿಣದ ಫ್ರೇಮ್ ಬೇಡ. ಒಂದೊಂದು 28 ಲೀಟರ್. ಈಗ ಬೇರೆಯಾಗಿ ತರಿಸಲು ಹೊರಟರೆ ಬೆಲೆ ಕೇಳಿ ಗಾಬರಿ ಆಗುತ್ತೀರಿ. ಅದಕ್ಕೆ ಎರಡನೇ ಗಾಡಿಯ 7.1ರಲ್ಲಿ ಅದರ ಬೆಲೆಯನ್ನೂ ಹಿಡಿಯಬೇಕು.

ಆದರೆ ಒಂದು ಮಾತು. ಶಿರಾಡಿ, ಚಾರ್ಮಾಡಿಯಲ್ಲಿ ಮಳೆಗಾಲದ ಹೊಂಡಕ್ಕೆ ಇದು ಗಾಡಿ ಅಲ್ಲ. ಗ್ರೌಂಡ್ ಕ್ಲಿಯರೆನ್ಸ್ ಕಮ್ಮಿ, ಇಬ್ಬರು ಕೂತು ಲಗೇಜ್ ತುಂಬಿದರೆ ನಮ್ಮ ಊರಿನ ಹಂಪ್‌ಗಳಿಗೆ ಹೊಟ್ಟೆ ಉಜ್ಜುತ್ತದೆ. ನಾನು ವರ್ಸಿಸ್ 650 ಓಡಿಸುತ್ತೇನೆ. 21 ಲೀಟರ್ ಟ್ಯಾಂಕ್, ಎತ್ತರದ ಸಸ್ಪೆನ್ಷನ್. ಮಂಗಳೂರಿಂದ ಕಾರವಾರ ನಡುವೆ ಬಂಕ್ ಯೋಚನೆಯೇ ಇಲ್ಲ.

ರೆಡ್‌ಲೈನ್ ರಾಜ

ವರ್ಸಿಸ್ ಸ್ಪೋರ್ಟ್ ಟೂರರ್ ಅಲ್ಲ.

ಕುಡ್ಲ ರೈಡರ್

ಆಯ್ತು. ಅಲ್ಲ. ಬೆನ್ನು ನೋವೂ ಇಲ್ಲ.

ಕಾಫಿ ತೋಟ

ಯಾರೂ ಕೇಳದ ಒಂದು ಪ್ರಶ್ನೆ ನಾನು ಕೇಳುತ್ತೇನೆ. @ಹೈವೇ ಹಕ್ಕಿ, ಗಾಡಿ ಮೇಲೆ ಕೂತು ನೋಡಿದ್ದೀರಾ? ನಿಮ್ಮ ಮನೆಯವರು ಹಿಂದೆ ಕೂತು ನೋಡಿದ್ದಾರಾ?

ಸೀಟ್ ಎತ್ತರ 815 ಮಿಮೀ, ಅದು ದೊಡ್ಡ ವಿಷಯ ಅಲ್ಲ. ನಾನು ಐದಡಿ ಮೂರು, ನನಗೇ ಕಾಲು ಸಿಗುತ್ತದೆ. ಆದರೆ ತೂಕ ಸುಮಾರು 240 ಕೆಜಿ. ಪ್ಯಾನಿಯರ್, ಹಿಂದೆ ಒಬ್ಬರು, ಇಳಿಜಾರಿನ ಪಾರ್ಕಿಂಗ್. ಅಲ್ಲಿ ಕಾಲು ಜಾರಿದರೆ ಯಾವ ಹಾರ್ಸ್ ಪವರೂ ಕಾಪಾಡುವುದಿಲ್ಲ. ಎರಡನೇ ಗಾಡಿ ಫೇರಿಂಗ್ ಮೇಲಿನ ಗೀರು ಹಾಗೇ ನಿಂತಲ್ಲೇ ಬಿದ್ದದ್ದಾ, ರಸ್ತೆಯಲ್ಲಿ ಜಾರಿದ್ದಾ ಅಂತ ಕೇಳಿ. ನಿಂತಲ್ಲಿ ಬಿದ್ದರೆ ಹ್ಯಾಂಡಲ್ ತುದಿ, ಲಿವರ್ ತುದಿ, ಫುಟ್‌ಪೆಗ್, ಇಂಜಿನ್ ಕವರ್ ಒಂದೇ ಪಕ್ಕದಲ್ಲಿ ಸ್ವಲ್ಪ ಸವೆದಿರುತ್ತವೆ. ಜಾರಿದ್ದರೆ ಗೀರು ಉದ್ದಕ್ಕೆ, ಒಂದೇ ದಿಕ್ಕಿಗೆ ಇರುತ್ತದೆ.

ಬೆಂಗಳೂರು ಟ್ರಾಫಿಕ್‌ನಲ್ಲಿ ತೊಡೆಗೆ ಬರುವ ಬಿಸಿ ಬಗ್ಗೆ ಬೇರೆ ಹೇಳಬೇಕಾ? ಸಿಲ್ಕ್ ಬೋರ್ಡ್‌ನಲ್ಲಿ ಫ್ಯಾನ್ ತಿರುಗಲು ಶುರುವಾದಾಗ ಹಿಂದೆ ಕೂತವರ ಮುಖ ನೋಡಿ ಆಮೇಲೆ ಅಡ್ವಾನ್ಸ್ ಕೊಡಿ.

ಬೈಪಾಸ್ ಬಸವ

ಎಲ್ಲಾ ಸರಿ, ಇದನ್ನ ಓಡಿಸುವುದು ಎಲ್ಲಿ? ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶ ಇಲ್ಲ. 142 ಪಿಎಸ್ ಇಟ್ಟುಕೊಂಡು ಸರ್ವಿಸ್ ರೋಡಲ್ಲಿ ಟ್ರ್ಯಾಕ್ಟರ್ ಹಿಂದೆ ಹೋಗಬೇಕು.

ಫಾರ್ಮ್ 30

ಅದಕ್ಕೇ ನಾವು ಕನಕಪುರ, ಮಳವಳ್ಳಿ ಮೇಲೆ ಹೋಗುವುದು. ದಾರಿಯೂ ಚೆಂದ.

ಬೈಪಾಸ್ ಬಸವ

ಅದನ್ನ ಎಲ್ಲರಿಗೂ ಹೇಳಿ ಅಲ್ಲೂ ಜಾತ್ರೆ ಮಾಡಬೇಡಿ ಗುರುಗಳೇ.

ಮೈಸೂರು ಟೂ ಸ್ಟ್ರೋಕ್

ಮೈಸೂರು ಅಂದ ಕೂಡಲೇ ಬಂದೆ. ನಮ್ಮೂರಲ್ಲೇ 1961ರಿಂದ ಜಾವಾ, ಆಮೇಲೆ ಯೆಜ್ಡಿ ಮಾಡುತ್ತಿದ್ದರು. ನಮ್ಮ ತಂದೆ ಅದೇ ಗಾಡಿಯಲ್ಲಿ ಅಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು ಊಟಿಗೆ ಹೋಗಿದ್ದರು. ಟ್ರ್ಯಾಕ್ಷನ್ ಕಂಟ್ರೋಲ್ ಅಂದರೆ ಅಮ್ಮ ಹಿಂದಿನಿಂದ ಬೈಯುವುದು. ನೀವು ಇಲ್ಲಿ ಏಳು ಲಕ್ಷದ ಲೆಕ್ಕ ಮಾಡುತ್ತಿದ್ದೀರಿ.

ಹುಬ್ಳಿ ಹೈದ

ಹೌದ್ರಿ ಸರ್, ಆದರೆ ಆ ಗಾಡಿ ಹೊಗೆಗೆ ಊಟಿ ಜನ ಇನ್ನೂ ಕೆಮ್ಮುತ್ತಿದ್ದಾರೆ.

ಸ್ಟುಟ್‌ಗಾರ್ಟ್ ಶೀನಿ

ಜರ್ಮನಿಯಿಂದ ಒಂದು ಮಾತು. ಇಲ್ಲಿ ಜನ 60,000 ಕಿಮೀ ಓಡಿದ ಯಮಹಾ ಎಫ್‌ಜೆಆರ್ 1300, ಬಿಎಂಡಬ್ಲ್ಯೂ ಆರ್‌ಟಿ ಗಾಡಿಗಳನ್ನ ಆರಾಮಾಗಿ ಕೊಳ್ಳುತ್ತಾರೆ. ಎರಡು ವರ್ಷಕ್ಕೊಮ್ಮೆ ಟ್ಯೂಫ್ ತಪಾಸಣೆ ಕಡ್ಡಾಯ. ಬ್ರೇಕ್, ಟೈರ್, ಫೋರ್ಕ್ ಯಾವುದೋ ಒಂದು ಸರಿ ಇಲ್ಲ ಅಂದರೂ ಸ್ಟಿಕರ್ ಸಿಗುವುದಿಲ್ಲ. ಆ ರಿಪೋರ್ಟ್‌ಗಳಲ್ಲಿ ಪ್ರತಿ ಸಲದ ಕಿಲೋಮೀಟರ್ ಬರೆದಿರುತ್ತದೆ, ಹಾಗಾಗಿ ಮೀಟರ್ ತಿರುಗಿಸುವುದು ಕಷ್ಟ. ಅಲ್ಲಿ ಆ ಕೆಲಸ ನೀವೇ ಮಾಡಿಕೊಳ್ಳಬೇಕು. ಹಳೇ ಸರ್ವಿಸ್ ಬಿಲ್, ಎಮಿಷನ್ ಸರ್ಟಿಫಿಕೇಟ್, ಇನ್ಶೂರೆನ್ಸ್ ಇನ್‌ಸ್ಪೆಕ್ಷನ್ ಫೋಟೋ ಏನು ಸಿಕ್ಕರೂ ಸಾಲಾಗಿ ಇಟ್ಟು ನೋಡಿ.

ಆ ಎರಡೂ ಗಾಡಿಗೆ ಚೈನ್ ಇಲ್ಲ, ಶಾಫ್ಟ್ ಡ್ರೈವ್. ಚೈನ್ ಲ್ಯೂಬ್ ಹಚ್ಚುವ ತಲೆನೋವೇ ಇಲ್ಲ.

ರೆಡ್‌ಲೈನ್ ರಾಜ

ಜರ್ಮನಿಯಲ್ಲಿ ಎಲ್ಲವೂ ಚೆಂದ. ಇ20, ಅಂದರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್, ಇದೆಯಾ ಅಲ್ಲಿ?

ಸ್ಟುಟ್‌ಗಾರ್ಟ್ ಶೀನಿ

ಇಲ್ಲ. ಇ5, ಇ10.

ರೆಡ್‌ಲೈನ್ ರಾಜ

ನೋಡಿ. ಇಲ್ಲಿ ಬಂಕಿನಲ್ಲಿ ಇ20. 2018ರ ಗಾಡಿ ಅದಕ್ಕೆ ಅಂತ ಮಾಡಿದ್ದಲ್ಲ. ರಬ್ಬರ್ ಸೀಲ್, ಪೈಪ್ ಎಲ್ಲಾ ಹೋಗುತ್ತವೆ. ಹಾಗಾದರೆ 2023ರ ನಂತರದ ಗಾಡಿನೇ ತಗೋಬೇಕಲ್ವಾ?

ಸ್ಪ್ಯಾನರ್ ಸಿದ್ದ

ಹೋಗುತ್ತವೆ ಅಂತ ಹೆದರಿಸಬೇಡಿ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಅದು ನಿಜ. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ಅದೂ ನಿಜ. ಅದಕ್ಕೇ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಗೆ ತೊಂದರೆ ಜಾಸ್ತಿ. ದಿನಾ ಓಡುವ ಗಾಡಿಯಲ್ಲಿ ಪೆಟ್ರೋಲ್ ಬದಲಾಗುತ್ತಲೇ ಇರುತ್ತದೆ. ಇದೂ ಆ 9,000 ಗಾಡಿಗೇ ವಿರುದ್ಧ ಹೋಗುವ ಮಾತು, ಗಮನಿಸಿ.

ಪಿವೈ ನಂಬರ್

ಹೊರ ರಾಜ್ಯದ ಗಾಡಿ ಅಂದ ಕೂಡಲೇ ಎಲ್ಲರೂ ಹೆದರಿಸುತ್ತೀರಿ. ನಾನು ಪುಣೆಯಿಂದ ತಂದೆ. ಎನ್‌ಒಸಿ ಬಂತು, ಆರ್‌ಟಿಓದಲ್ಲಿ ಗಾಡಿ ತೋರಿಸಿದೆ, ಟ್ಯಾಕ್ಸ್ ಕಟ್ಟಿದೆ, ಕೆಎ ನಂಬರ್ ಬಂತು. ಸ್ವಲ್ಪ ಅಲೆದಾಟ, ಅಷ್ಟೇ. ಎಲ್ಲಾ ಸೇರಿಸಿದರೂ ಇಲ್ಲಿನ ಬೆಲೆಗಿಂತ ಕಮ್ಮಿಯೇ ಬಿತ್ತು. ಆದರೆ ನಾನು ಓನರ್ ಹತ್ರ ನೇರವಾಗಿ ಕೊಂಡೆ. ಆರ್‌ಸಿಯಲ್ಲಿ ಇದ್ದ ಹೆಸರೂ ಎದುರಿಗೆ ಕೂತಿದ್ದವರ ಹೆಸರೂ ಒಂದೇ. ಡೀಲರ್ ಹತ್ರ ಇರುವ ಗಾಡಿಗೆ ಆ ಸುಖ ಇಲ್ಲ.

ಫಾರ್ಮ್ 30

ಹೆಸರು ಪಿವೈ ನಂಬರ್, ಅಂದರೆ ಪುದುಚೇರಿ; ಗಾಡಿ ಪುಣೆಯದು. ಏನಿದು?

ಪಿವೈ ನಂಬರ್

ಅದು ಹಳೇ ಕಥೆ. ಬಿಡಿ.

ಹೈವೇ ಹಕ್ಕಿ

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಎರಡನ್ನೂ ನೋಡಿ ಬಂದೆ.

ದೆಹಲಿ ಗಾಡಿ: ಹತ್ತು ಗಂಟೆಗೆ ಬರುತ್ತೇನೆ, ಸ್ಟಾರ್ಟ್ ಮಾಡಬೇಡಿ ಅಂತ ಹೇಳಿದ್ದೆ. ಹೋದಾಗ ಇಂಜಿನ್ ಬಿಸಿ ಇತ್ತು. 'ಇನ್ನೊಬ್ಬರು ನೋಡಿ ಹೋದರು ಸರ್' ಅಂದರು. ಟೈರ್ ಮೇಲೆ ಕೊನೆಯ ನಾಲ್ಕು ಅಂಕಿ ಮುಂದಿನದಕ್ಕೆ 1121, ಹಿಂದಿನದಕ್ಕೆ 0921. ಸೈಲೆನ್ಸರ್ ಹೊರಗಿನದು, ಕಂಪನಿಯದ್ದು ಇಲ್ಲವಂತೆ. ಎನ್‌ಒಸಿ 'ಮುಂದಿನ ವಾರ'. ಸರ್ವಿಸ್ ಸೆಂಟರ್‌ನಲ್ಲಿ ಛಾಸಿ ನಂಬರ್ ಕೊಟ್ಟು ಕೇಳಿಸಿದೆ. ಕೊನೆಯ ಎಂಟ್ರಿ 2020ರಲ್ಲಿ, 8,100 ಕಿಮೀ. ಆಮೇಲೆ ಏನೂ ಇಲ್ಲ.

ಬೆಂಗಳೂರು ಗಾಡಿ: ಫೈಲ್ ತುಂಬಾ ಬಿಲ್. ತಣ್ಣಗಿದ್ದ ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ವಾಲ್ವ್ ನೋಡಿಸಿಲ್ಲ ಅಂತ ಅವರೇ ಹೇಳಿದರು. ಚೈನ್ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಟೈರ್ 2022ರವು, ಹಿಂದಿನದು ನಡುವೆ ಚಪ್ಪಟೆ ಆಗಿದೆ. ಗೀರು ಮನೆ ಪಾರ್ಕಿಂಗಲ್ಲಿ ಬಿದ್ದದ್ದಂತೆ, ಕಾಫಿ ತೋಟ ಮೇಡಂ ಹೇಳಿದ ಹಾಗೇ ಒಂದೇ ಪಕ್ಕ, ತುದಿಗಳಲ್ಲಿ ಮಾತ್ರ.

ಸ್ಪ್ಯಾನರ್ ಸಿದ್ದ

1121 ಅಂದರೆ 2021ರ ಹನ್ನೊಂದನೇ ವಾರ. ಸರಿ. 8,100ಕ್ಕೆ ಕೊನೆಯ ಸರ್ವಿಸ್, ಈಗ 9,000. ನಡುವೆ ಎರಡೂ ಟೈರ್ ಹೊಸದು. 900 ಕಿಮೀ ಓಡುವ ಗಾಡಿಗೆ ಯಾರಾದರೂ ಜೋಡಿ ಟೈರ್ ಹಾಕಿಸುತ್ತಾರಾ?

ಪಿವೈ ನಂಬರ್

ಹಾಕಿಸಬಹುದು. ಮೊದಲಿನವು 2017-18ರ ಟೈರ್, ಗಟ್ಟಿಯಾಗಿರುತ್ತವೆ. ಅಥವಾ ನಿಂತು ನಿಂತು ಬಿರುಕು ಬಿಟ್ಟಿರುತ್ತವೆ. ಅದೊಂದರಿಂದಲೇ ಮೀಟರ್ ತಿರುಗಿಸಿದ್ದಾರೆ ಅಂತ ಹೇಳಲು ಬರುವುದಿಲ್ಲ.

ಸ್ಪ್ಯಾನರ್ ಸಿದ್ದ

ನಾನೂ ಹಾಗೆ ಹೇಳಿಲ್ಲ. ಎರಡರಲ್ಲಿ ಒಂದು ಅಂತ ಹೇಳುತ್ತಿದ್ದೇನೆ. ಒಂದೋ ಓಡಿದೆ, ಸರ್ವಿಸ್ ಹೊರಗೆ ಎಲ್ಲೋ ಆಗಿದೆ, ಮೀಟರ್ ಸುಳ್ಳು. ಇಲ್ಲಾ ಐದು ವರ್ಷ ನಿಂತಿದೆ, ಆಯಿಲ್ ಕೂಡ ಬದಲಾಗಿಲ್ಲ. ಎರಡರಲ್ಲಿ ಯಾವುದಾದರೂ ನನಗೆ ಬೇಡ. ಬ್ರೇಕ್ ಡಿಸ್ಕ್ ಅಂಚಿಗೆ ಉಗುರು ಎಳೆದು ನೋಡಿದ್ದೀರಾ? 9,000ಕ್ಕೆ ಅಲ್ಲಿ ಮೆಟ್ಟಿಲು ಕಟ್ಟುವುದಿಲ್ಲ. ಫುಟ್‌ಪೆಗ್ ರಬ್ಬರ್, ಎಡಗೈ ಸ್ವಿಚ್ ಮೇಲಿನ ಅಕ್ಷರ ಸವೆದಿದೆಯಾ ನೋಡಿ.

ಬಿಸಿ ಇಂಜಿನ್ ವಿಷಯಕ್ಕೆ ನಾನು ಏನೂ ಹೇಳುವುದಿಲ್ಲ. ನೀವೇ ತಿಳ್ಕೊಳ್ಳಿ.

ಬೈಪಾಸ್ ಬಸವ

ಆ ಸೈಲೆನ್ಸರ್ ಇಟ್ಟುಕೊಂಡು ಬೆಂಗಳೂರಲ್ಲಿ ಪೊಲೀಸರಿಗೆ ಸಿಕ್ಕರೆ ರೋಡ್ ರೋಲರ್ ಕೆಳಗೆ ಹೋಗುತ್ತದೆ. ಕಂಪನಿಯದ್ದು ಹೊಸದಾಗಿ ಕೊಳ್ಳುವ ಬೆಲೆ ಕೇಳಿಕೊಂಡು ಬನ್ನಿ.

ರೆಡ್‌ಲೈನ್ ರಾಜ

ಎನ್‌ಒಸಿ ಮುಂದಿನ ವಾರ ಅಂದಾಗಲೇ ನನಗೂ ಮನಸ್ಸು ಕೆಟ್ಟಿತು. ಸರಿ, ಈ ಗಾಡಿ ಬೇಡ. ಆದರೂ ಹೇಳುತ್ತೇನೆ, ಪೇಪರ್ ಸರಿಯಿರುವ ಕಮ್ಮಿ ಕಿಲೋಮೀಟರ್ ಗಾಡಿ ಸಿಕ್ಕರೆ ಅದೇ ಉತ್ತಮ.

ಕುಡ್ಲ ರೈಡರ್

ಸಿಕ್ಕಾಗ ಹೇಳಿ ಮಾರಾಯ್ರೆ, ನಾವೂ ನೋಡುತ್ತೇವೆ.

ಪಾಲಿಸಿ ಪಾರ್ವತಿ

ಇನ್ಶೂರೆನ್ಸ್ ಬಗ್ಗೆ ಯಾರೂ ಮಾತಾಡಿಲ್ಲ. 2018ರ ಸೆಪ್ಟೆಂಬರ್ ನಂತರ ಕೊಂಡ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ ಆಯಿತು. ಅದಿದೆ ಅಂತ ಎಷ್ಟೋ ಜನ ಓನ್ ಡ್ಯಾಮೇಜ್ (ಸ್ವಂತ ಗಾಡಿಯ ಹಾನಿಗೆ ಸಿಗುವ) ಭಾಗ ರಿನ್ಯೂ ಮಾಡಿಸುವುದೇ ಇಲ್ಲ. ಪಾಲಿಸಿಯಲ್ಲಿ ಎರಡೂ ಚಾಲ್ತಿ ಇದೆಯಾ ಬೇರೆ ಬೇರೆ ನೋಡಿ. ಈ ಗಾಡಿಗೆ ಒಂದು ಕಡೆ ಫೇರಿಂಗ್ ಒಡೆದರೂ ಬಿಲ್ ಲಕ್ಷದ ಹತ್ತಿರ ಹೋಗುತ್ತದೆ.

ನೋ ಕ್ಲೇಮ್ ಬೋನಸ್ ಮಾರುವವರದ್ದು, ನಿಮಗೆ ಬರುವುದಿಲ್ಲ. ಅದಕ್ಕೆ ಅವರು ಕಟ್ಟುತ್ತಿದ್ದ ಪ್ರೀಮಿಯಂ ನೋಡಿ ಲೆಕ್ಕ ಹಾಕಬೇಡಿ. ಆರ್‌ಸಿ ವರ್ಗಾವಣೆ ಆದ 14 ದಿನದೊಳಗೆ ಪಾಲಿಸಿಯನ್ನೂ ಹೆಸರಿಗೆ ಮಾಡಿಸಿ. ಇಲ್ಲದಿದ್ದರೆ ನಿಮ್ಮ ಗಾಡಿ ಡ್ಯಾಮೇಜಿಗೆ ಕ್ಲೇಮ್ ಕೇಳಿದಾಗ ಅವರಿಗೆ ಒಳ್ಳೇ ನೆಪ ಸಿಗುತ್ತದೆ.

ಮೈಸೂರು ಟೂ ಸ್ಟ್ರೋಕ್

ಪ್ಯಾನಿಯರ್ ಒಳಗೆ ಮೈಸೂರ್ ಪಾಕ್ ಹಿಡಿಯುತ್ತದಾ?

ಕಾಫಿ ತೋಟ

ಹಿಡಿಯುತ್ತದೆ. ಎಕ್ಸಾಸ್ಟ್ ಬಿಸಿಗೆ ಮತ್ತೆ ತುಪ್ಪ ಆಗುತ್ತದೆ.

ಹೈವೇ ಹಕ್ಕಿ

ಬೆಂಗಳೂರು ಗಾಡಿಗೆ ಲೆಕ್ಕ ಹಾಕಿದೆ. ಟೈರ್ ಜೋಡಿ, ಚೈನ್ ಸ್ಪ್ರಾಕೆಟ್, ವಾಲ್ವ್ ಕೆಲಸ, ಬ್ರೇಕ್ ಆಯಿಲ್, ಕೂಲಂಟ್. ಸಿದ್ದಣ್ಣ ಫೋನಲ್ಲಿ ಹೇಳಿದ ಅಂದಾಜಿನ ಪ್ರಕಾರ ಹತ್ತಿರ ಹತ್ತಿರ 80,000. ಓನರ್ ಮುಂದೆ ಇದೇ ಚೀಟಿ ಇಟ್ಟೆ. ಮುಖ ಸ್ವಲ್ಪ ಬಿಗಿಯಾಯಿತು. ಆಮೇಲೆ 6.6ಕ್ಕೆ ಒಪ್ಪಿದರು. ಪ್ಯಾನಿಯರ್ ಸೇರಿ. ಹೆಂಡತಿ ಹಿಂದೆ ಕೂತು ಒಂದು ಸುತ್ತು ಬಂದಳು, 'ಬಿಸಿ ಇದೆ, ಆದರೆ ಸೀಟ್ ಪರವಾಗಿಲ್ಲ' ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟ್.

ಬ್ಯಾಂಕ್ ಸಾಲ ತೀರಿದೆ, ಆದರೆ ಆರ್‌ಸಿಯಲ್ಲಿ ಇನ್ನೂ ಬ್ಯಾಂಕ್ ಹೆಸರು ಇದೆ. ಇದರಿಂದ ತೊಂದರೆ ಇದೆಯಾ? ಇವತ್ತು ಟೋಕನ್ ಕೊಡಬಹುದಾ?

ಫಾರ್ಮ್ 30

ಟೋಕನ್ ಕೊಡಿ, ಪೂರ್ತಿ ದುಡ್ಡು ಕೊಡಬೇಡಿ. ಬ್ಯಾಂಕಿನಿಂದ ಎನ್‌ಒಸಿ ಮತ್ತು ಆರ್‌ಸಿಯಿಂದ ಅವರ ಹೆಸರು ತೆಗೆಸಲು ಸಹಿ ಆದ ಫಾರ್ಮ್ 35 ಮೊದಲು ಅವರ ಕೈಗೆ ಬರಲಿ. ಬ್ಯಾಂಕ್ ಎನ್‌ಒಸಿಗೆ ವ್ಯಾಲಿಡಿಟಿ ಇರುತ್ತದೆ, ಹಳೆಯದಾಗಿದ್ದರೆ ಮತ್ತೆ ಬರೆಸಬೇಕು. ಆರ್‌ಸಿಯಿಂದ ಬ್ಯಾಂಕ್ ಹೆಸರು ತೆಗೆಸದೆ ವರ್ಗಾವಣೆ ಮುಂದಕ್ಕೆ ಹೋಗುವುದಿಲ್ಲ.

ಆಮೇಲೆ ವರ್ಗಾವಣೆಗೆ ಫಾರ್ಮ್ 29 ಎರಡು ಪ್ರತಿ, ಫಾರ್ಮ್ 30, ಇಬ್ಬರ ಗುರುತಿನ ಚೀಟಿ, ಇನ್ಶೂರೆನ್ಸ್, ಎಮಿಷನ್. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿ, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿದ್ದಾರಾ ನೋಡಿ. ಟ್ರಾಫಿಕ್ ದಂಡ ಬಾಕಿ ಇದ್ದರೆ ಅವರ ಕೈಯಲ್ಲೇ ಕಟ್ಟಿಸಿ. 2023ರಲ್ಲೂ 2025ರಲ್ಲೂ ಅರ್ಧ ದಂಡದ ರಿಯಾಯಿತಿ ಬಂದಿತ್ತು, ಮುಂದಿನ ರಿಯಾಯಿತಿಗೆ ಕಾಯೋಣ ಅಂತ ಅವರು ಹೇಳಿದರೆ ಒಪ್ಪಬೇಡಿ.

ಸ್ಪ್ಯಾನರ್ ಸಿದ್ದ

ಎರಡೂ ಕೀಲಿ ಕೇಳಿ ತಗೊಳ್ಳಿ. ಗಾಡಿ ಬಂದ ಕೂಡಲೇ ಊರು ಸುತ್ತಲು ಹೋಗಬೇಡಿ, ಮೊದಲು ಚೈನ್ ಬದಲಾಯಿಸೋಣ. ಸೋಮವಾರ ಗ್ಯಾರೇಜ್ ರಜ, ಮಂಗಳವಾರ ಬೆಳಿಗ್ಗೆ ಬನ್ನಿ.

ಹುಬ್ಳಿ ಹೈದ

ನಿಮ್ಮ ಹಳೇ 350 ಮಾರ್ತೀರೇನು ಅಣ್ಣ? ಕಿಲೋಮೀಟರ್ ಎಷ್ಟಾಗೇತಿ?

ಫಾರ್ಮ್ 30

ಎನ್‌ಒಸಿ ಮುಂದಿನ ವಾರ.